ಡಂಕಿನ್ ಪಕ್ಕದಲ್ಲಿ ಡೋನಟ್ ಅಂಗಡಿ ಕೊಳ್ಳಬಹುದೇ?

ಪ್ರಶ್ನೆ: ನಾವು ಹಾಸನದ ಕಡೆಯವರು. ಹದಿನಾಲ್ಕು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿದ್ದೇವೆ. ಗ್ರೀನ್ ಕಾರ್ಡ್ ಇದೆ. ಕಳೆದ ವರ್ಷ ನನ್ನ ಪತಿಯ ಸಾಫ್ಟ್‌ವೇರ್ ಕೆಲಸ ಹೋಯಿತು. ನಮ್ಮ ಮನೆಯ ಹತ್ತಿರ ಕಾಂಬೋಡಿಯಾ ಮೂಲದ ವೃದ್ಧ ದಂಪತಿ ಮೂವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಡೋನಟ್ ಅಂಗಡಿ ಮಾರಾಟಕ್ಕಿದೆ. 2,20,000 ಡಾಲರ್ ಕೇಳುತ್ತಿದ್ದಾರೆ. ವರ್ಷಕ್ಕೆ 1,10,000 ಡಾಲರ್ ಉಳಿಯುತ್ತದೆ ಎನ್ನುತ್ತಾರೆ. ಈಗ ಅರ್ಧ ಮೈಲಿ ದೂರದಲ್ಲಿ ಡ್ರೈವ್-ಥ್ರೂ ಇರುವ ಡಂಕಿನ್ ಮಳಿಗೆ ಬರುತ್ತಿದೆ. ಅಷ್ಟು ದೊಡ್ಡ ಕಂಪನಿಯ ಎದುರು ಇಂಥ ಅಂಗಡಿ ಉಳಿದೀತೇ? ಡೋನಟ್ ಜೊತೆಗೆ ಫಿಲ್ಟರ್ ಕಾಫಿ ಮತ್ತು ಉದ್ದಿನ ವಡೆಯನ್ನೂ ಇಡೋಣ ಎಂಬ ಆಲೋಚನೆ ನಮ್ಮದು.

ಉತ್ತರ: ನೀವು ಡಂಕಿನ್ ಬಗ್ಗೆ ಕೇಳಿದ್ದೀರಿ, ಅಲ್ಲಿಂದಲೇ ಆರಂಭಿಸುತ್ತೇನೆ. ಆದರೆ ದಕ್ಷಿಣ ಕ್ಯಾಲಿಫೋರ್ನಿಯಾದ ಸಣ್ಣ ತಿಂಡಿ ಅಂಗಡಿಗಳ ಲೆಕ್ಕಪತ್ರ ನೋಡುತ್ತ ಇಪ್ಪತ್ತು ವರ್ಷ ಕಳೆದಿರುವ ನನ್ನ ಕಣ್ಣು ನಿಮ್ಮ ಪತ್ರದಲ್ಲಿ ಮೊದಲು ಹೋಗಿ ನಿಂತದ್ದು ಆ 1,10,000 ಡಾಲರ್ ಎಂಬ ಅಂಕಿಯ ಮೇಲೆ. ಅದರ ಮಾತನ್ನು ಸ್ವಲ್ಪ ಹೊತ್ತಿನಲ್ಲೇ ಎತ್ತುತ್ತೇನೆ.

ಡಂಕಿನ್ ಹುಟ್ಟಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಕ್ವಿನ್ಸಿ ಎಂಬ ಊರಿನಲ್ಲಿ. ಕಾರ್ಖಾನೆಯ ಕಾರ್ಮಿಕರಿಗೆ ಗಾಡಿಯಲ್ಲಿ ತಿಂಡಿ ಒಯ್ದು ಮಾರುತ್ತಿದ್ದ ವಿಲಿಯಂ ರೋಸೆನ್‌ಬರ್ಗ್, ತಮ್ಮ ವ್ಯಾಪಾರದ ದೊಡ್ಡ ಪಾಲು ಕಾಫಿ ಮತ್ತು ಡೋನಟ್ ಎರಡರಿಂದಲೇ ಬರುತ್ತಿರುವುದನ್ನು ಗಮನಿಸಿ, 1948ರಲ್ಲಿ ಅವೆರಡಕ್ಕೇ ಮೀಸಲಾದ ಅಂಗಡಿ ತೆರೆದರು. 1950ರಲ್ಲಿ ಅದಕ್ಕೆ ಡಂಕಿನ್ ಡೋನಟ್ಸ್ ಎಂಬ ಹೆಸರು ಬಂತು, 1955ರಲ್ಲಿ ಮೊದಲ ಫ್ರಾಂಚೈಸಿ. ಅಂದಿನಿಂದ ಇಂದಿನವರೆಗೆ ಆ ತಕ್ಕಡಿ ಕಾಫಿಯ ಕಡೆಗೇ ವಾಲುತ್ತ ಬಂದಿದೆ. 2019ರ ಜನವರಿಯಿಂದ ಕಂಪನಿ ತನ್ನ ಹೆಸರಿನಿಂದ ‘ಡೋನಟ್ಸ್’ ಪದವನ್ನೇ ಕಿತ್ತುಹಾಕಿತು. ಆ ನಿರ್ಧಾರವನ್ನು ಪ್ರಕಟಿಸಿದ ಹೊತ್ತಿನಲ್ಲಿ ಅಮೆರಿಕದ ತನ್ನ ಮಾರಾಟದಲ್ಲಿ ಸುಮಾರು ಶೇ. 60ರಷ್ಟು ಪಾನೀಯಗಳಿಂದ ಬರುತ್ತದೆ ಎಂದು ಅದೇ ಹೇಳಿಕೊಂಡಿತ್ತು. ಬಹುತೇಕ ಮಳಿಗೆಗಳಲ್ಲಿ ಇಂದು ಡೋನಟ್ ಕರಿಯುವ ಬಾಂಡಲೆಯೇ ಇಲ್ಲ. ಬೇರೆಲ್ಲೋ ತಯಾರಾದದ್ದು ರಾತ್ರಿ ಲಾರಿಯಲ್ಲಿ ಬಂದಿಳಿಯುತ್ತದೆ.

ಹಾಗಾಗಿ ನಿಮ್ಮ ಊರಿಗೆ ಬರುತ್ತಿರುವುದು ಕಾಫಿ ಅಂಗಡಿ ಎಂದು ತಿಳಿಯಿರಿ. ಬೆಳಿಗ್ಗೆ ಏಳೂವರೆಗೆ ಕೆಲಸಕ್ಕೆ ಹೊರಟವರು ಕಾರಿನಿಂದ ಇಳಿಯದೆ, ಮೊಬೈಲಿನಲ್ಲೇ ಹಣ ಕಟ್ಟಿ, ಐಸ್ ಹಾಕಿದ ದೊಡ್ಡ ಲೋಟ ಕಾಫಿ ಎತ್ತಿಕೊಂಡು ಹೋಗುತ್ತಾರೆ; ಪಕ್ಕದಲ್ಲಿರುವ ಡೋನಟ್ ಅವರಿಗೆ ಕೈಗೆ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ವೃದ್ಧ ದಂಪತಿಯ ಅಂಗಡಿಗೆ ಬರುವವರು ಬೇರೆ. ಶನಿವಾರ ಬೆಳಿಗ್ಗೆ ಮಕ್ಕಳ ಫುಟ್‌ಬಾಲ್ ಪಂದ್ಯಕ್ಕೆ, ಭಾನುವಾರ ಚರ್ಚಿಗೆ, ಸೋಮವಾರ ಕಚೇರಿಗೆ ಡಜನ್ ಡೋನಟ್ ಕಟ್ಟಿಸಿಕೊಂಡು ಹೋಗುವವರು ಒಂದು ಗುಂಪು; ಬೆಳಗಿನ ಜಾವ ಐದಕ್ಕೆ ಪಿಕಪ್ ನಿಲ್ಲಿಸಿ ಒಂದು ಆಪಲ್ ಫ್ರಿಟ್ಟರ್, ಒಂದು ಕಪ್ಪು ಕಾಫಿ ತೆಗೆದುಕೊಳ್ಳುವ ಕಟ್ಟಡ ಕೆಲಸಗಾರರು ಇನ್ನೊಂದು ಗುಂಪು. ಇವರಲ್ಲಿ ಡಂಕಿನ್‌ಗೆ ಹೋಗುವವರು ಇದ್ದೇ ಇರುತ್ತಾರೆ, ಆದರೆ ಹೋಗುವುದು ಮುಖ್ಯವಾಗಿ ಬರೀ ಕಾಫಿಗಾಗಿ ಬರುತ್ತಿದ್ದವರು. ಆದ್ದರಿಂದ ಮಾರುವವರಿಂದ ನೀವು ಮೊದಲು ಕೇಳಬೇಕಾದ ಕಾಗದವೆಂದರೆ ಗಲ್ಲಾ ಯಂತ್ರದ ಗಂಟೆವಾರು, ಪದಾರ್ಥವಾರು ಮಾರಾಟದ ಪಟ್ಟಿ. ಡಜನ್ ಲೆಕ್ಕದ ಮಾರಾಟವೇ ಅರ್ಧಕ್ಕಿಂತ ಹೆಚ್ಚಿದ್ದರೆ ಡಂಕಿನ್ ನಿಮಗೆ ನೆಗಡಿಯಷ್ಟೇ. ಬಿಡಿ ಕಾಫಿಯೇ ದೊಡ್ಡ ಪಾಲಾಗಿದ್ದರೆ ಕೇಳುತ್ತಿರುವ ಬೆಲೆಯಲ್ಲಿ ಅದರ ಕಡಿತ ಆಗಲೇಬೇಕು.

ದಕ್ಷಿಣ ಕ್ಯಾಲಿಫೋರ್ನಿಯಾದ ಇತಿಹಾಸವೂ ಈ ಮಾತಿಗೆ ಸಾಕ್ಷಿಯಾಗಿ ನಿಲ್ಲುತ್ತದೆ, ಮತ್ತು ನೀವು ಕೊಳ್ಳಹೊರಟಿರುವುದು ಆ ಇತಿಹಾಸದ ಒಂದು ತುಣುಕನ್ನೇ ಆದ್ದರಿಂದ ಅದನ್ನು ತಿಳಿದಿರುವುದು ಒಳ್ಳೆಯದು. ಡಂಕಿನ್‌ನ ಮೊದಲ ಅಂಗಡಿ ತೆರೆದ 1948ರಲ್ಲೇ ಲಾಸ್ ಏಂಜಲೀಸ್ ಬಳಿಯ ಟೆಂಪಲ್ ಸಿಟಿಯಲ್ಲಿ ವರ್ನ್ ವಿಂಚೆಲ್ ಎಂಬವರು ವಿಂಚೆಲ್ಸ್ ಡೋನಟ್ ಅಂಗಡಿ ಆರಂಭಿಸಿದರು. ಪಶ್ಚಿಮ ಕರಾವಳಿಯಲ್ಲಿ ಅದು ದೊಡ್ಡ ಸರಣಿಯಾಗಿ ಬೆಳೆಯಿತು. 1975ರಲ್ಲಿ ಕಾಂಬೋಡಿಯಾವನ್ನು ವಶಪಡಿಸಿಕೊಂಡ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆಯಿಂದ ತಪ್ಪಿಸಿಕೊಂಡು ಕ್ಯಾಂಪ್ ಪೆಂಡಲ್ಟನ್ ನಿರಾಶ್ರಿತರ ಶಿಬಿರಕ್ಕೆ ಬಂದ ಟೆಡ್ ನೋಯ್ ಎಂಬವರು, ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದ ಪೆಟ್ರೋಲ್ ಬಂಕಿನ ಹತ್ತಿರದ ಅಂಗಡಿಯಲ್ಲಿ ಡೋನಟ್ ತಿಂದು, ತಮ್ಮ ಊರಿನ ನೋಮ್ ಕೊಂಗ್ ಎಂಬ ಬಳೆಯಾಕಾರದ ಕರಿದ ತಿಂಡಿಯನ್ನು ನೆನಪಿಸಿಕೊಂಡರಂತೆ. ಅವರು ಕೆಲಸ ಕಲಿತದ್ದು ಅದೇ ವಿಂಚೆಲ್ಸ್ ಕಂಪನಿಯ ತರಬೇತಿಯಲ್ಲಿ. 1977ರಲ್ಲಿ ನಿಮ್ಮದೇ ಆರೆಂಜ್ ಕೌಂಟಿಯ ಲಾ ಹಾಬ್ರಾದಲ್ಲಿ ಕ್ರಿಸ್ಟೀಸ್ ಎಂಬ ಅಂಗಡಿ ಕೊಂಡರು; ಮುಂದೆ ಒಂದಾದ ಮೇಲೊಂದು ಅಂಗಡಿ ಕೊಂಡು, ಕೆಲಸ ಕಲಿಸಿ, ತಮ್ಮ ಹಾಗೆಯೇ ಬರಿಗೈಯಲ್ಲಿ ಬಂದ ಕಾಂಬೋಡಿಯಾದ ಕುಟುಂಬಗಳಿಗೆ ಗುತ್ತಿಗೆಗೆ ಕೊಟ್ಟರು. ನೋಯ್ ತಾವು ಗಳಿಸಿದ್ದನ್ನೆಲ್ಲ ಜೂಜಿನಲ್ಲಿ ಕಳೆದುಕೊಂಡದ್ದು ಬೇರೆಯೇ ಕಥೆ. ಬ್ಯಾಂಕು ಸಾಲ ಕೊಡದಿದ್ದಾಗ ಆ ಕುಟುಂಬಗಳು ಬಂಡವಾಳ ಹೊಂದಿಸಿದ್ದು ನಮ್ಮ ಊರುಗಳಲ್ಲಿ ‘ಚೀಟಿ’ ಎನ್ನುತ್ತೇವಲ್ಲ, ಅಂಥದೇ ಪದ್ಧತಿಯಿಂದ: ಹತ್ತು ಹದಿನೈದು ಮನೆಯವರು ತಿಂಗಳು ತಿಂಗಳು ಹಣ ಹಾಕಿ, ಸರದಿಯಂತೆ ಒಬ್ಬೊಬ್ಬರು ಗಂಟನ್ನು ಎತ್ತುವುದು. ನೀವು ಕಾಣುವ ಗುಲಾಬಿ ಬಣ್ಣದ ಡಬ್ಬವೂ ಅವರ ಕೊಡುಗೆಯೇ. ಬಿಳಿ ರಟ್ಟಿಗಿಂತ ಗುಲಾಬಿ ರಟ್ಟು ಕೆಲವು ಸೆಂಟ್ ಅಗ್ಗಕ್ಕೆ ಸಿಗುತ್ತಿತ್ತು, ಅಷ್ಟೇ ಕಾರಣ.

ವಿಂಚೆಲ್ಸ್ ತಾನು ತರಬೇತಿ ಕೊಟ್ಟವರ ಬಳಗದ ಎದುರೇ ಸೊರಗಿತು. ಡಂಕಿನ್ ಹಿಂದೊಮ್ಮೆ ಇಲ್ಲಿಗೆ ಬಂದು, ಗಟ್ಟಿಯಾಗಿ ಬೇರೂರಲಾರದೆ ಹಿಂದೆ ಸರಿದು, 2014ರಲ್ಲಿ ಸಾಂಟಾ ಮೋನಿಕಾದ ಮಳಿಗೆಯೊಂದಿಗೆ ಮತ್ತೆ ಕಾಲಿಟ್ಟಿತು. ಕ್ರಿಸ್ಪಿ ಕ್ರೀಮ್ ಎಂಬ ಇನ್ನೊಂದು ಡೋನಟ್ ಸರಣಿಯದು ಇನ್ನೂ ಸ್ವಾರಸ್ಯದ ಕಥೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಮೊದಲ ಮಳಿಗೆ 1999ರಲ್ಲಿ ತೆರೆದದ್ದು ಅದೇ ಲಾ ಹಾಬ್ರಾದಲ್ಲಿ. ಬಿಸಿ ಡೋನಟ್‌ಗಾಗಿ ಜನ ಸಾಲುಗಟ್ಟಿ ನಿಂತರು, ಇನ್ನು ಸಣ್ಣ ಅಂಗಡಿಗಳ ಕಥೆ ಮುಗಿಯಿತು ಎಂದೇ ಎಲ್ಲರೂ ಆಡಿಕೊಂಡರು. ಆದರೆ ಆ ಕಂಪನಿಯ ಸೊಗಸೆಲ್ಲ ಇದ್ದದ್ದು ಆಗತಾನೇ ಬಾಂಡಲೆಯಿಂದ ಬಂದ ಬಿಸಿಯಲ್ಲಿ. ಅದನ್ನೇ ತಣ್ಣಗೆ ಮಾಡಿ ಸೂಪರ್ ಮಾರ್ಕೆಟ್ಟು, ಪೆಟ್ರೋಲ್ ಬಂಕುಗಳ ಕಪಾಟಿಗೆ ತುಂಬಿದಾಗ ಸಾಲುಗಟ್ಟಿ ನಿಲ್ಲುವ ಅಗತ್ಯ ಯಾರಿಗೂ ಕಾಣಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅದರ ಫ್ರಾಂಚೈಸಿ ಹಿಡಿದಿದ್ದ ಸಂಸ್ಥೆ 2007ರಲ್ಲಿ ದಿವಾಳಿ ರಕ್ಷಣೆ ಕೋರಿತು. ಸುತ್ತಲಿನ ಗುಲಾಬಿ ಡಬ್ಬದ ಅಂಗಡಿಗಳು ಬಹುಪಾಲು ಅಲ್ಲೇ ಇದ್ದವು.

ಕೆನಡಾದಲ್ಲಿ ಫಲ ಉಲ್ಟಾ ಆಯಿತು. ಐಸ್ ಹಾಕಿ ಆಟಗಾರ ಟಿಮ್ ಹಾರ್ಟನ್ ಹೆಸರಿನಲ್ಲಿ 1964ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಆರಂಭವಾದ ಅಂಗಡಿ ಇಡೀ ದೇಶಕ್ಕೆ ‘ನಮ್ಮೂರಿನ ಅಂಗಡಿ’ಯಾಗಿಬಿಟ್ಟಿತು. ಮಳಿಗೆಯಲ್ಲೇ ಡೋನಟ್ ಮಾಡುವುದನ್ನು ನಿಲ್ಲಿಸಿ ಅರೆಬೆಂದು ಹೆಪ್ಪುಗಟ್ಟಿದ ಸರಕನ್ನು ತರಿಸತೊಡಗಿದ ಮೇಲೂ ಗಿರಾಕಿಗಳು ಕದಲಲಿಲ್ಲ. ಅಲ್ಲಿ ಗೆದ್ದದ್ದು ಕಾಫಿ. ಆಸ್ಟ್ರೇಲಿಯಾದಲ್ಲಿ ಇಟಲಿ ಮತ್ತು ಗ್ರೀಸಿನಿಂದ ವಲಸೆ ಬಂದವರು ಬೆಳೆಸಿದ ಎಸ್ಪ್ರೆಸೊ ಅಂಗಡಿಗಳು ಕಾಫಿಯನ್ನೇ ಬಿಗಿಯಾಗಿ ಹಿಡಿದಿದ್ದರಿಂದ, ಸ್ಟಾರ್‌ಬಕ್ಸ್ 2008ರಲ್ಲಿ ತನ್ನ 84 ಮಳಿಗೆಗಳಲ್ಲಿ 61ನ್ನು ಮುಚ್ಚಬೇಕಾಯಿತು.

ಈಗ ಆ 1,10,000 ಡಾಲರಿನ ಮಾತಿಗೆ ಬರೋಣ. ನಾನು ಹಲವು ವರ್ಷ ಲೆಕ್ಕ ನೋಡಿಕೊಂಡಿದ್ದ ಒಂದು ಅಂಗಡಿಗೆ ಒಮ್ಮೆ ರಾತ್ರಿ ಎರಡು ಗಂಟೆಗೆ ಹೋಗಿದ್ದೆ. ಮಾಲೀಕರು ಅಷ್ಟರಲ್ಲಿ ಹಿಟ್ಟು ನಾದಿ ಮುಗಿಸಿ, ಕತ್ತರಿಸಿದ ಬಿಲ್ಲೆಗಳನ್ನು ಉಬ್ಬಲು ಬೆಚ್ಚಗಿನ ಆವಿಯ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಉಬ್ಬಿದ್ದನ್ನು ಸುಮಾರು 190 ಡಿಗ್ರಿ ಸೆಲ್ಸಿಯಸ್ ಕಾದ ಕೊಬ್ಬಿಗೆ ಇಳಿಬಿಟ್ಟು, ಒಂದು ಮಗ್ಗುಲು ನಿಮಿಷದಷ್ಟು ಬೆಂದ ಮೇಲೆ ಎರಡು ಮರದ ಕಡ್ಡಿಗಳಿಂದ ಇಪ್ಪತ್ತನಾಲ್ಕನ್ನೂ ಒಂದರ ಹಿಂದೊಂದು ತಿರುವಿಹಾಕುವುದು ನೋಡುವುದಕ್ಕೆ ಹೂ ಕಟ್ಟುವವರ ಕೈಯನ್ನು ನೆನಪಿಸುತ್ತಿತ್ತು. ಅವರ ಹೆಂಡತಿ ನಾಲ್ಕೂವರೆಗೆ ಬಾಗಿಲು ತೆರೆದು ಗಲ್ಲಾಪೆಟ್ಟಿಗೆಗೆ ನಿಂತರು. ಮಧ್ಯಾಹ್ನ ಒಂದರ ತನಕ ಕೂರಲಿಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಎಷ್ಟು ದಿನ ರಜೆ ಹಾಕಿದ್ದೀರಿ ಎಂದು ಕೇಳಿದ್ದಕ್ಕೆ ಮಾಲೀಕರು ಬೆರಳು ಮಡಿಸಿ ಎಣಿಸಲು ಆರಂಭಿಸಿದರು. ಆ ಎಣಿಕೆ ಎರಡನೆಯ ಕೈಗೆ ದಾಟಲಿಲ್ಲ.

ಇಂಥ ಅಂಗಡಿಗಳ ಆದಾಯದ ಲೆಕ್ಕದಲ್ಲಿ ಆ ಇಬ್ಬರ ಕೂಲಿ ಎಲ್ಲಿಯೂ ಖರ್ಚಾಗಿ ಬರೆದಿರುವುದಿಲ್ಲ. ನೀವು ಕೊಳ್ಳಲಿರುವ ಅಂಗಡಿಯಲ್ಲಿ ಗಂಡ-ಹೆಂಡತಿ ತಲಾ ದಿನಕ್ಕೆ 11 ಗಂಟೆ, ವಾರಕ್ಕೆ ಏಳು ದಿನ ದುಡಿಯುತ್ತಾರೆ ಎಂದುಕೊಳ್ಳೋಣ. ವಾರಕ್ಕೆ 154 ಗಂಟೆ ಆಯಿತು. 2026ರ ಜನವರಿಯಿಂದ ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಗಂಟೆಗೆ 16.90 ಡಾಲರ್. ಅಂದರೆ ವಾರಕ್ಕೆ ಸುಮಾರು 2,600, ವರ್ಷಕ್ಕೆ ಸುಮಾರು 1,35,000 ಡಾಲರ್. ಹೆಚ್ಚುವರಿ ಗಂಟೆಗಳಿಗೆ ಕೊಡಬೇಕಾದ ಒಂದೂವರೆಪಟ್ಟು ದರವನ್ನಾಗಲಿ, ಮಾಲೀಕರು ಕಟ್ಟುವ ವೇತನ ತೆರಿಗೆಯನ್ನಾಗಲಿ ಇದಕ್ಕೆ ಸೇರಿಸಿಲ್ಲ. ಅವರು ಹೇಳುವ 1,10,000 ನಿಜವೇ ಆಗಿದ್ದರೂ, ಇಬ್ಬರ ಜಾಗದಲ್ಲಿ ಕೂಲಿಯವರನ್ನು ಇಟ್ಟ ದಿನದಿಂದ ಆ ಅಂಗಡಿ ವರ್ಷಕ್ಕೆ 25,000 ಡಾಲರ್ ನಷ್ಟದಲ್ಲಿ ನಡೆಯುತ್ತದೆ. ಡೋನಟ್ ಇಷ್ಟು ಅಗ್ಗವಾಗಿ ಸಿಗುತ್ತಿರುವುದು ಆ ಮನೆಯವರು ಮೂವತ್ತು ವರ್ಷ ತಮ್ಮ ನಿದ್ದೆಗೆ ಬೆಲೆ ಕಟ್ಟದೆ ಇದ್ದುದರಿಂದ. ದೊಡ್ಡ ಕಂಪನಿಗಳಿಗೆ ಎದುರಿಸಲಾಗದೆ ಹೋದದ್ದೂ ಇದನ್ನೇ. ಇಂಥ ಅಂಗಡಿಗಳು ಇತ್ತೀಚೆಗೆ ಸಾಲುಸಾಲಾಗಿ ಮಾರಾಟಕ್ಕೆ ಬರುತ್ತಿರುವುದೂ ಇದೇ ಕಾರಣಕ್ಕೆ: ಆ ದುಡ್ಡಿನಲ್ಲಿ ಓದಿ ಔಷಧ ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಕೆಲಸ ಹಿಡಿದ ಮಕ್ಕಳಿಗೆ ರಾತ್ರಿ ಒಂದಕ್ಕೆ ಏಳುವುದು ಬೇಕಿಲ್ಲ, ತಂದೆತಾಯಿಗಳಿಗೂ ಅದು ಬೇಕಿಲ್ಲ.

ಆದ್ದರಿಂದ ನೀವು ಮತ್ತು ನಿಮ್ಮ ಪತಿ ಕೂತು ನಿರ್ಧರಿಸಬೇಕಾದದ್ದು ರಾತ್ರಿ ಒಂದೂವರೆಗೆ ಏಳುವವರು ಯಾರು ಎಂಬುದನ್ನು. ಇಬ್ಬರೂ ಐದಾರು ವರ್ಷ ದುಡಿಯಲು ಸಿದ್ಧರಿದ್ದರೆ ಇದು ಕೊಳ್ಳಬಹುದಾದ ಅಂಗಡಿ. ಕೆಲಸದವರನ್ನಿಟ್ಟು ನಡೆಸಿ ತಿಂಗಳ ಕೊನೆಗೆ ಲೆಕ್ಕ ನೋಡುವ ಯೋಚನೆಯಿದ್ದರೆ ಈ ಬೆಲೆಗೆ ಬೇಡ.

ನಿಮ್ಮ ಪರವಾಗಿರುವ ಅಂಶಗಳೂ ಕಡಿಮೆಯೇನಲ್ಲ. ಡಂಕಿನ್‌ನ ಫ್ರಾಂಚೈಸಿ ಹಿಡಿದವರು ಸಾಮಾನ್ಯವಾಗಿ ಮಾರಾಟದ ಶೇ. 5.9ನ್ನು ಕಂಪನಿಗೆ ಹಕ್ಕುಶುಲ್ಕವಾಗಿ, ಶೇ. 5ನ್ನು ಜಾಹೀರಾತು ನಿಧಿಗೆ ಕಟ್ಟುತ್ತಾರೆ. ಲಾಭವಿರಲಿ ಇಲ್ಲದಿರಲಿ, ನೂರು ಡಾಲರಿನಲ್ಲಿ ಹತ್ತು ಚಿಲ್ಲರೆ ಮೊದಲೇ ಹೋಗುತ್ತದೆ. ಅದರ ಮೇಲೆ, ದೇಶದಲ್ಲಿ 60ಕ್ಕೂ ಹೆಚ್ಚು ಮಳಿಗೆಗಳಿರುವ ಫಾಸ್ಟ್‌ಫುಡ್ ಸರಣಿಗಳು ಕ್ಯಾಲಿಫೋರ್ನಿಯಾದಲ್ಲಿ 2024ರ ಏಪ್ರಿಲ್ 1ರಿಂದ ಗಂಟೆಗೆ ಕನಿಷ್ಠ 20 ಡಾಲರ್ ಕೂಲಿ ಕೊಡಬೇಕು. ಒಂದೇ ಅಂಗಡಿಯ ನಿಮಗೆ ಆ ನಿಯಮ ಅನ್ವಯಿಸುವುದಿಲ್ಲ. ಮನೆಗೆ ತಲುಪಿಸುವ ಆ್ಯಪ್‌ಗಳ ಮೋಹಕ್ಕೆ ಬಿದ್ದು ಈ ಅನುಕೂಲವನ್ನು ಕಳೆದುಕೊಳ್ಳಬೇಡಿ, ಅವು ಕೇಳುವ ಕಮಿಷನ್ ಶೇ. 15ರಿಂದ 30ರವರೆಗೆ ಏರುತ್ತದೆ.

ಗಿರಾಕಿಗಳೊಂದಿಗಿನ ನಂಟಿಗೆ ಬೆಲೆ ಕಟ್ಟುವುದು ಕಷ್ಟ, ಆದರೂ ಅದು ಆಸ್ತಿಯೇ. 2018ರಲ್ಲಿ ಸೀಲ್ ಬೀಚ್ ಊರಿನ ಇಂಥದೇ ಒಂದು ಅಂಗಡಿಯ ಮಾಲೀಕರ ಪತ್ನಿ ಆಸ್ಪತ್ರೆ ಸೇರಿದಾಗ, ಊರಿನವರು ಬೆಳ್ಳಂಬೆಳಗ್ಗೆ ಬಂದು ಡಜನ್‌ಗಟ್ಟಲೆ ಕೊಂಡು ಸರಕನ್ನೆಲ್ಲ ಖಾಲಿ ಮಾಡಿ, ಅವರು ಬೇಗ ಬಾಗಿಲು ಹಾಕಿ ಹೆಂಡತಿಯ ಬಳಿಗೆ ಹೋಗುವಂತೆ ಮಾಡಿದ್ದು ಸುದ್ದಿಯಾಗಿತ್ತು. ಆದರೆ ಆ ನಂಟು ಇರುವುದು ಆ ಮುಖಗಳೊಂದಿಗೆ. ಕ್ರಯಪತ್ರದೊಂದಿಗೆ ಅದು ನಿಮ್ಮ ಹೆಸರಿಗೆ ವರ್ಗವಾಗುವುದಿಲ್ಲ. ಹಾಗಾಗಿ ಮಾರಾಟದ ಬಳಿಕ ಕನಿಷ್ಠ ಎರಡು ತಿಂಗಳು ಆ ದಂಪತಿ ಗಲ್ಲಾಪೆಟ್ಟಿಗೆಯ ಬಳಿ ನಿಮ್ಮ ಜೊತೆ ನಿಲ್ಲಬೇಕು ಎಂಬುದನ್ನು ಕರಾರಿನಲ್ಲೇ ಬರೆಸಿ.

ನನ್ನ ಅನುಭವದಲ್ಲಿ ಪಕ್ಕದ ಸರಣಿ ಮಳಿಗೆಯಿಂದ ಮುಚ್ಚಿದ ಅಂಗಡಿಗಳಿಗಿಂತ ಬಾಡಿಗೆಯಿಂದ ಮುಚ್ಚಿದವೇ ಹೆಚ್ಚು. ಇಲ್ಲಿನ ವಾಣಿಜ್ಯ ಕಟ್ಟಡಗಳ ಕರಾರು ಬಹುಮಟ್ಟಿಗೆ ‘ಟ್ರಿಪಲ್ ನೆಟ್’ ಮಾದರಿಯದು: ಬಾಡಿಗೆಯ ಜೊತೆಗೆ ಕಟ್ಟಡದ ಆಸ್ತಿ ತೆರಿಗೆ, ವಿಮೆ, ನಿರ್ವಹಣೆಯ ಪಾಲನ್ನೂ ಬಾಡಿಗೆದಾರರೇ ಕಟ್ಟಬೇಕು. 1978ರ ಪ್ರೊಪೊಸಿಷನ್ 13 ಎಂಬ ಕಾನೂನಿನ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಆಸ್ತಿಯ ತೆರಿಗೆ ಮೌಲ್ಯ ವರ್ಷಕ್ಕೆ ಹೆಚ್ಚೆಂದರೆ ಶೇ. 2ರಷ್ಟು ಏರಬಹುದು, ಆದರೆ ಆಸ್ತಿ ಕೈ ಬದಲಿಸಿದಾಗ ಅದು ಮಾರುಕಟ್ಟೆ ಬೆಲೆಗೆ ಜಿಗಿಯುತ್ತದೆ. ಮೂವತ್ತು ವರ್ಷದಿಂದ ಒಬ್ಬರ ಕೈಯಲ್ಲೇ ಇರುವ ಕಟ್ಟಡವನ್ನು ನೀವು ಅಂಗಡಿ ಕೊಂಡ ಮರುವರ್ಷ ಅವರ ವಾರಸುದಾರರು ಮಾರಿದರೆ, ಹೆಚ್ಚಿದ ತೆರಿಗೆಯ ಪಾಲು ನೇರವಾಗಿ ನಿಮ್ಮ ತಲೆಗೆ ಬರುತ್ತದೆ. ಕಟ್ಟಡ ಮಾರಾಟದಿಂದ ಏರುವ ತೆರಿಗೆ ಬಾಡಿಗೆದಾರರಿಗೆ ತಟ್ಟಬಾರದು ಎಂಬ ರಕ್ಷಣೆಯ ಕಲಮು ಕೇಳಿ. ಪೂರ್ತಿ ಸಿಗದಿದ್ದರೆ ಮೊದಲ ಐದು ವರ್ಷಕ್ಕಾದರೂ ಕೇಳಿ. ಉಳಿದಿರುವ ಅವಧಿ ಎಷ್ಟು, ಮುಂದುವರಿಸುವ ಹಕ್ಕು ಎಷ್ಟು ವರ್ಷಕ್ಕಿದೆ, ಅದೇ ಸಮುಚ್ಚಯದಲ್ಲಿ ಇನ್ನೊಂದು ಡೋನಟ್ ಅಂಗಡಿಗೆ ಜಾಗ ಕೊಡಬಾರದೆಂಬ ಕಲಮು ಇದೆಯೇ, ನೀವು ವೈಯಕ್ತಿಕ ಜಾಮೀನು ಬರೆದುಕೊಡಬೇಕೇ ಎಂಬುದನ್ನು ವಕೀಲರಿಂದ ಓದಿಸದೆ ಮುಂಗಡ ಕೊಡಬೇಡಿ. ಹಣವನ್ನು ಎಸ್ಕ್ರೋ ಮೂಲಕವೇ, ಅಂದರೆ ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಟ್ಟುಕೊಳ್ಳುವ ಮೂರನೆಯವರ ಮೂಲಕವೇ ಕೊಡಿ, ರಾಜ್ಯದ ಮಾರಾಟ ತೆರಿಗೆ ಇಲಾಖೆಯಿಂದ ಬಾಕಿಯಿಲ್ಲವೆಂಬ ಪತ್ರ ತರಿಸಿಕೊಳ್ಳಿ. ಇಲ್ಲದಿದ್ದರೆ ಅವರ ಹಳೆಯ ಬಾಕಿ ನಿಮ್ಮ ಬಾಕಿಯಾಗುವ ಸಾಧ್ಯತೆಯಿದೆ.

ಮಾರಾಟದ ಅಂಕಿ ನಿಜವೇ ಎಂದು ತಿಳಿಯಲು ತೆರಿಗೆ ಕಾಗದಕ್ಕಿಂತ ಹಿಟ್ಟಿನ ಮೂಟೆ ಪ್ರಾಮಾಣಿಕ. ಈಸ್ಟ್ ಡೋನಟ್ಟಿನ ಸಿದ್ಧಹಿಟ್ಟು 50 ಪೌಂಡಿನ, ಅಂದರೆ 22.7 ಕಿಲೋದ ಚೀಲದಲ್ಲಿ ಬರುತ್ತದೆ. ನೀರು ಸೇರಿ ಸುಮಾರು 34 ಕಿಲೋ ಕಣಕವಾಗುತ್ತದೆ. ಒಂದಕ್ಕೆ 45 ಗ್ರಾಂ ಹಿಡಿದು, ಕತ್ತರಿಸುವಾಗ ಹಾಳಾಗುವುದನ್ನು ಬಿಟ್ಟರೆ ಚೀಲವೊಂದಕ್ಕೆ 700ರಷ್ಟು ಡೋನಟ್. ಸರಬರಾಜುದಾರರ ಹನ್ನೆರಡು ತಿಂಗಳ ಬಿಲ್ಲು ಕೇಳಿ ಚೀಲ ಎಣಿಸಿ, ಜೊತೆಗೆ ಗುಲಾಬಿ ಡಬ್ಬಗಳನ್ನೂ ಎಣಿಸಿ. ಚೀಲ ಹೇಳುವ ಡೋನಟ್‌ಗೂ ಗಲ್ಲಾ ಹೇಳುವ ಡೋನಟ್‌ಗೂ ಇರುವ ಅಂತರ ಸಂಜೆ ಕಸಕ್ಕೆ ಹೋಗುವಷ್ಟೇ ಇರಬೇಕು.

ಇನ್ನು ನಿಮ್ಮ ವಡೆ. ದಯವಿಟ್ಟು ಡೋನಟ್ ಬಾಂಡಲೆಗೆ ಅದನ್ನು ಇಳಿಸಬೇಡಿ. ಡೋನಟ್ ಕರಿಯುವುದು ಆರಿದಾಗ ಗಟ್ಟಿಯಾಗುವ ಕೊಬ್ಬಿನಲ್ಲಿ. ಹಾಗಿದ್ದರೆ ಮಾತ್ರ ಮೇಲಿನ ಸಕ್ಕರೆ ಲೇಪ ಅಂಟಿಕೊಂಡು ನಿಲ್ಲುತ್ತದೆ, ಡಬ್ಬಕ್ಕೆ ಜಿಡ್ಡು ಹತ್ತುವುದಿಲ್ಲ. ಆ ಕೊಬ್ಬು ವಾಸನೆಯನ್ನು ಬಹಳ ಬೇಗ ಹಿಡಿಯುತ್ತದೆ. ಕರಿಬೇವು, ಹಸಿಮೆಣಸಿನಕಾಯಿ, ಇಂಗು ಬಿದ್ದ ಒಂದೇ ಒಂದು ಒಬ್ಬೆ ಸಾಕು, ಮರುದಿನದ ಇಪ್ಪತ್ತು ಡಜನ್ ಡೋನಟ್ ಒಗ್ಗರಣೆಯ ಘಮಲು ಬೀರುತ್ತವೆ. ಬೇರೆ ಬಾಂಡಲೆ ಇಡುವುದಾದರೆ ಕೌಂಟಿಯ ಆರೋಗ್ಯ ಇಲಾಖೆಯ ಒಪ್ಪಿಗೆ, ಹೊಗೆ ಕೊಳವೆಯ ಸಾಮರ್ಥ್ಯ ಎಲ್ಲವೂ ನೋಡಬೇಕಾಗುತ್ತದೆ. ಮೊದಲ ವರ್ಷ ವಡೆಯನ್ನು ಮನೆಯಲ್ಲೇ ತಿನ್ನಿ.

ಫಿಲ್ಟರ್ ಕಾಫಿಯ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ಕಾಂಬೋಡಿಯಾದವರೇ ಡೋನಟ್ ಪಕ್ಕದಲ್ಲಿ ಹ್ಯಾಮ್ ಮತ್ತು ಚೀಸ್ ತುಂಬಿದ ಕ್ರೋಸಾಂಟ್ ಇಟ್ಟರು, ಬೋಬಾ ಚಹಾ ಇಟ್ಟರು. ಈ ಅಂಗಡಿಗಳಿಗೆ ಹೊಸದನ್ನು ಸೇರಿಸಿಕೊಳ್ಳುವ ಗುಣ ಮೊದಲಿನಿಂದಲೂ ಇದೆ. ಆದರೆ ಮೊದಲು ಇರುವ ಕಾಫಿಯನ್ನು ಸರಿಪಡಿಸಿ. ಗಾಜಿನ ಹೂಜಿಯಲ್ಲಿ ಬಿಸಿ ತಟ್ಟೆಯ ಮೇಲೆ ಎರಡು ಗಂಟೆ ಕುದ್ದ ಕಹಿ ನೀರನ್ನು ಡೋನಟ್ ಅಂಗಡಿಯ ಕಾಫಿ ಎಂದು ಜನ ಸಹಿಸಿಕೊಂಡು ಬಂದಿದ್ದಾರೆ. ಅರ್ಧ ಮೈಲಿ ದೂರದಲ್ಲಿ ಡಂಕಿನ್ ಇರುವಾಗ ಸಹಿಸುವುದಿಲ್ಲ. ತಾಜಾ ಪುಡಿ, ಅರ್ಧ ಗಂಟೆಗೊಮ್ಮೆ ಹೊಸ ಕಾಫಿ, ಬಿಸಿ ಹಿಡಿದಿಡುವ ಫ್ಲಾಸ್ಕು, ಬೇಸಿಗೆಯಲ್ಲಿ ಐಸ್ ಕಾಫಿ, ಇಷ್ಟಕ್ಕೆ ತಗಲುವುದು ಕೆಲವು ನೂರು ಡಾಲರ್. ಹಾಸನದವರಾದ ನಿಮಗೆ ಡಿಕಾಕ್ಷನ್ ಇಳಿಸುವುದನ್ನು ನಾನು ಹೇಳಿಕೊಡಬೇಕಾಗಿಲ್ಲ, ಆದರೆ ಬೆಳಗಿನ ಐದರ ಕಟ್ಟಡ ಕೆಲಸಗಾರರಿಗೆ ಅದನ್ನು ಪರಿಚಯಿಸಲು ಹೋಗಬೇಡಿ. ಅವರಿಗೆ ಬೇಕಾದದ್ದು ದೊಡ್ಡ ಲೋಟದ ಕಪ್ಪು ಕಾಫಿ, ಅದೂ ಮೂವತ್ತು ಸೆಕೆಂಡಿನೊಳಗೆ. ಎಂಟು ಗಂಟೆಯ ನಂತರ, ನಿಂತು ಮಾತಾಡುವ ಪುರುಸೊತ್ತಿರುವವರಿಗೆ ಕೊಟ್ಟು ನೋಡಿ.

ಮುಂದಿನ ಎರಡು ವಾರ ಆ ದಂಪತಿಯ ಅನುಮತಿ ಪಡೆದು ನೀವಿಬ್ಬರೂ ರಾತ್ರಿ ಒಂದೂವರೆಗೆ ಅಂಗಡಿಗೆ ಹೋಗಿ, ಸಂಬಳವಿಲ್ಲದೆ ಕೆಲಸ ಮಾಡಿ. ಡಂಕಿನ್ ಅಷ್ಟರಲ್ಲಿ ತೆರೆದರೆ ಆ ಬೆಳಿಗ್ಗೆ ಅಂಗಡಿಯಲ್ಲೇ ಇರಿ. ಗಂಟೆವಾರು ಮಾರಾಟದ ಪಟ್ಟಿ, ಹಿಟ್ಟಿನ ಬಿಲ್ಲುಗಳು ಮತ್ತು ಬಾಡಿಗೆ ಕರಾರಿನ ಪ್ರತಿ, ಈ ಮೂರೂ ಕೈಗೆ ಸಿಕ್ಕ ಮೇಲೆ ಮತ್ತೆ ಬರೆಯಿರಿ, ಬೆಲೆ ಎಷ್ಟಕ್ಕೆ ಇಳಿಯಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ. ಬಿಲ್ಲು ತೋರಿಸಲು ಅವರು ಹಿಂಜರಿದರೆ ನನಗೆ ಬರೆಯುವ ಶ್ರಮವೂ ಬೇಡ.